ಅಕ್ಕನ ಬಾವಿಯ ಪೆಟ್ರೋಲು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಪ್ರಯೋಗಾಲಯದ ಮೇಡಂ ಅವರೇ, ನಮ್ಮ ಬಡಾವಣೆಯ ಸಂಘದ ವಾರ್ಷಿಕ ಸಭೆಗೆ ಬಿಡುವು ಮಾಡಿಕೊಂಡು ಬಂದಿರುವ ಸಭಿಕರೇ,

ಸ್ವಾಗತ ಭಾಷಣ ಚಿಕ್ಕದಾಗಿರಲಿ ಎಂದು ಅಧ್ಯಕ್ಷರು ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದಾರೆ. ಮೈಕು ಸಿಕ್ಕರೆ ನಾನು ಬಿಡುವವನಲ್ಲ ಎಂಬುದು ಅವರಿಗೆ ಗೊತ್ತು. ನಾನು ಕುಳಿತ ಕೂಡಲೇ ಮೇಡಂ ಎದ್ದು ವರದಿ ಓದುತ್ತಾರೆ. ನಮ್ಮ ಬಾವಿಗಳಿಗೆ ಸೇರಿರುವ ಪೆಟ್ರೋಲು ಯಾವ ಬಂಕಿನದು? ನನ್ನದೋ, ರಸ್ತೆಯಾಚೆಯದೋ? ನೀವೆಲ್ಲ ಕಾಯುತ್ತಿರುವುದು ಅದಕ್ಕೇ ಹೊರತು ನನ್ನ ಸ್ವಾಗತಕ್ಕಲ್ಲ.

ಪೆಟ್ರೋಲಿಗೂ ಬೆರಳಚ್ಚು ಇರುತ್ತದೆಯೇ ಎಂದು ನಾನೂ ನಕ್ಕಿದ್ದೆ. ಮೇಡಂ ಬಿಡಿಸಿ ಹೇಳಿದರು. ಸಾಮಾನು ಒಂದೇ ಆದರೂ ಒಂದೊಂದು ಮನೆಯ ಅಡುಗೆಗೆ ಒಂದೊಂದು ಕೈರುಚಿ ಇರುವುದಿಲ್ಲವೇ? ಹಾಗೆ ಒಂದೊಂದು ಕಂಪನಿಯ ಪೆಟ್ರೋಲಿನ ಬೆರಕೆಯೂ ಬೇರೆಯಂತೆ. ಬಾವಿಯ ನೀರನ್ನು ಯಂತ್ರಕ್ಕೆ ಹಾಕಿದರೆ ಅದು ಏರಿಳಿತದ ಗೆರೆ ಬರೆಯುತ್ತದೆ. ಬಂಕಿನ ಮಾದರಿಯ ಗೆರೆಯನ್ನು ಪಕ್ಕದಲ್ಲಿಟ್ಟು ಹೋಲಿಸುತ್ತಾರೆ. ನಾನೇ ಎದೆಯುಬ್ಬಿಸಿ ಮಾದರಿ ತುಂಬಿಕೊಟ್ಟೆ. ಯಾಕೆ ಹೆದರಲಿ? ಎದುರಿನ ಬಂಕಿನದಾದರೆ ನಾನು ಪಾರು. ನನ್ನದಾದರೆ, ಅದನ್ನು ಸಾಗಿಸಿದವರು ಯಾರೆಂದು ಊರಿಗೇ ಗೊತ್ತು. ಹೇಗೆ ಬಿದ್ದರೂ ಗೆಲುವು ನನ್ನದೇ ಎಂದುಕೊಂಡಿದ್ದೆ.

ಹೊಸಬರಿಗಾಗಿ ಹೇಳುತ್ತೇನೆ. ಬಂಕಿನ ಬೆನ್ನಿಗೇ ನನ್ನ ಅಕ್ಕನ ಮನೆ. ಭಾವ ನನ್ನ ಬಂಕಿನ ಉಸ್ತುವಾರಿ ನೋಡುತ್ತಿದ್ದರು. ನೆಲದಡಿಯ ಟ್ಯಾಂಕಿಗೆ ಕೋಲು ಇಳಿಸಿ ಅಳೆದಾಗಲೆಲ್ಲ ಪೆಟ್ರೋಲು ಕಡಿಮೆ. ಆಮೇಲೆ ಅವರ ಮನೆಯ ಬಾವಿಯೇ ನಾರತೊಡಗಿತು. ಕದ್ದು ಹಿತ್ತಲಲ್ಲಿ ಬಚ್ಚಿಟ್ಟದ್ದು ಸೋರಿದೆ, ಇನ್ನೇನು ಸಾಕ್ಷಿ ಬೇಕು? ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗಲೇ, "ಉಂಡ ಮನೆಗೆ ಎರಡು ಬಗೆದ್ರಲ್ಲ ಭಾವ, ನೀವು ಕಳ್ಳರು" ಎಂದು ಕಳಿಸಿಬಿಟ್ಟೆ. ಭಾವ ಬೀಗದ ಕೈ ಮೇಜಿನ ಮೇಲಿಟ್ಟು ಹೊರಟರು. ಅಕ್ಕ ಮಾತ್ರ ಗೋಡೆಯಾಚೆಯಿಂದ, "ನಿನ್ನ ಕಂಕುಳಲ್ಲಿ ಎತ್ಕೊಂಡು ತಿರುಗ್ದೋಳು ನಾನು. ನನ್ನ ಗಂಡ ಕಳ್ಳ ಅಂತ ನನ್ನ ಮುಖ ನೋಡಿ ಹೇಳು ನೋಡೋಣ" ಎಂದಳು. ನಾನು ನೋಡಲಿಲ್ಲ. ಗಿರಾಕಿಗಳಿದ್ದರು.

ಭಾವ ಕೆಲಸ ಬಿಟ್ಟು ಹೋದ ಮೇಲೂ ಟ್ಯಾಂಕಿನ ಕೊರತೆ ನಿಲ್ಲಲಿಲ್ಲ ಎಂಬುದು ಬೇರೆ ಮಾತು. ಬಿಸಿಲಿಗೆ ಆರುತ್ತದೆ ಅಂದುಕೊಂಡೆ. ಇದನ್ನು ಇಲ್ಲಿ ಹೇಳಬೇಕಾಗಿರಲಿಲ್ಲ, ಬಿಡಿ. ಅಧ್ಯಕ್ಷರೇ, ಗಡಿಯಾರ ನೋಡಬೇಡಿ, ಮುಗಿಸಿಬಿಡುತ್ತೇನೆ.

ಎಲ್ಲಿದ್ದೆ? ಹಾಂ, ಮೇಡಂ. ಈಗಷ್ಟೇ ಚಹಾ ಕುಡಿಯುವಾಗ ಅವರು, "ನಿಮ್ಮ ಕಂಪನಿ ಬೆರಕೆ ಬದಲಿಸಿದ್ದು ಯಾವಾಗ ಸಾರ್?" ಎಂದು ಕೇಳಿದರು. ಹೋದ ವರ್ಷ, ಹೊಸ ಪೆಟ್ರೋಲು, ಇಂಜಿನ್ನು ಬೆಣ್ಣೆಯ ಹಾಗೆ ಓಡುತ್ತದೆ ಎಂದು ಜಾಹೀರಾತಿನವನಂತೆ ಒದರಿದೆ. "ನಿಮ್ಮ ಅಕ್ಕನ ಬಾವೀಲಿ ನಿಮ್ಮ ಹಳೇದೂ ಇದೆ, ಹೊಸದೂ ಇದೆ" ಎಂದಷ್ಟೇ ಹೇಳಿ ಲೋಟ ಕೆಳಗಿಟ್ಟರು. ನಾನು ಹೂಗುಚ್ಛ ತರಲು ಓಡಿದೆ. ಆಗಿನಿಂದ ವರ್ಷಗಳ ಲೆಕ್ಕ ಹಾಕುತ್ತಲೇ ಇದ್ದೇನೆ. ಹೊಸದು ಬಂದದ್ದು ಹೋದ ವರ್ಷ. ಭಾವನನ್ನು ಕಳಿಸಿದ್ದು ಅದಕ್ಕೂ ಹಿಂದಿನ ವರ್ಷ. ಆಮೇಲೆ ಅವರು ಬಂಕಿನ ಕಡೆ ತಲೆ ಹಾಕಿಯೂ ಮಲಗಿಲ್ಲ. ಹಾಗಾದರೆ ಹೊಸ ಪೆಟ್ರೋಲನ್ನು ಆ ಬಾವಿಗೆ ಹೊತ್ತವರು ಯಾರು?

ಯಾರೂ ಹೊತ್ತಿಲ್ಲ, ಸಭಿಕರೇ. ನೆಲದೊಳಗೆ ಅದೇ ಹರಿದು ಹೋಗಿದೆ.

ಮೇಡಂ, ಒಂದು ನಿಮಿಷ, ಏಳಬೇಡಿ. ಕಳ್ಳ ಎಂದದ್ದು ನಾಲ್ಕು ಜನರ ಮುಂದೆ. ಅಲ್ಲ ಎನ್ನುವುದನ್ನೂ ನಾಲ್ಕು ಜನರ ಮುಂದೆಯೇ ಹೇಳಬೇಕು. ಭಾವ ಒಂದು ಹನಿಯನ್ನೂ ಕದ್ದಿಲ್ಲ. ಸೋರುತ್ತಿರುವುದು ನನ್ನ ಟ್ಯಾಂಕು, ನಾನು ಇಲ್ಲಿ ಮಾತಾಡುತ್ತಿರುವ ಈ ಹೊತ್ತಿನಲ್ಲೂ. ಇವತ್ತೇ ಬಂಕು ಮುಚ್ಚಿ ಅದನ್ನು ಬರಿದು ಮಾಡಿಸುತ್ತೇನೆ. ಬಂಕಿನ ಸುತ್ತಲಿನ ಬಾವಿಗಳ ನೀರನ್ನು ಯಾರೂ ಮುಟ್ಟಬೇಡಿ. ಹಿಂದಿನ ಸಾಲಿನಲ್ಲಿ ಕೂತಿದ್ದೀಯಲ್ಲ ಅಕ್ಕಾ, ಪಾತ್ರೆ ತೊಳೆಯಲೂ ಬೇಡ. ಭಾವ ಸಭೆಗೆ ಬಂದಿಲ್ಲ. ಬಂದಿದ್ದರೆ ಇಷ್ಟು ಹೇಳಲು ನನಗೆ ಬಾಯಿ ಬರುತ್ತಿತ್ತೋ ಇಲ್ಲವೋ. ಇಲ್ಲಿಂದ ನೇರ ನಿಮ್ಮ ಮನೆಗೇ ಬರುತ್ತೇನೆ ಅಕ್ಕ, ಬಾಗಿಲು ತೆಗೆಯುವುದು ಅವರಿಗೆ ಬಿಟ್ಟದ್ದು.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ವಂದನೆಗಳು. ಮೇಡಂ, ನೀವಿನ್ನು ಓದಿ. ನಮಸ್ಕಾರ.