ಮೇಲಿಂದ ತಂದ ಕಲ್ಲು

ಹಿಮಾಲಯದ ಮಗ್ಗುಲಲ್ಲಿ ಒಂದು ಊರು. ಅಲ್ಲೊಬ್ಬ ಶ್ರೀಮಂತ. ಕೆಟ್ಟವನಲ್ಲ, ನೋಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಿಮ್ಮ ಹಾಗೇ. ಊರಿನ ಕಾಲುವೆಗೆ ಅವನೇ ಯಜಮಾನ.

ಆ ಊರಿಗೆ ಮಳೆ ಹೆಸರಿಗಷ್ಟೇ. ಬೆಟ್ಟದ ಮೇಲೆ ತಲೆತಲಾಂತರದಿಂದ ಕೂತ ಹಿಮದ ರಾಶಿ ಬೇಸಿಗೆಯಲ್ಲಿ ಕರಗಿ ಹಳ್ಳವಾಗಿ ಇಳಿದರೆ ಹೊಲಕ್ಕೆ ನೀರು. ಅದಕ್ಕೇ ಅಲ್ಲೊಂದು ಪದ್ಧತಿ. ಬಿತ್ತನೆಗೆ ಮುಂಚೆ, ಕಾಲುವೆಗೆ ನೀರು ಬಿಡುವ ದಿನ, ಯಜಮಾನ ಹಳ್ಳಕ್ಕಿಳಿದು ಒಂದು ಕಲ್ಲು ಮಗುಚಿ ಅದರ ಅಡಿಯನ್ನು ಊರಿಗೆಲ್ಲ ತೋರಿಸಬೇಕು. ಅಲ್ಲಿ ಕೂದಲೆಳೆಯಂಥ ಕಪ್ಪು ಹುಳು ಅಂಟಿಕೊಂಡಿರುತ್ತದೆ. ಕೈ ಮರಗಟ್ಟುವಷ್ಟು ತಣ್ಣಗಿನ ನೀರಿನಲ್ಲಿ ಮಾತ್ರ ಬದುಕುವ ಹುಳು. ಅದಿದ್ದರೆ ಹಿಮ ಹತ್ತಿರವಿದೆ, ಎಲ್ಲ ಹೊಲ ಬಿತ್ತಬಹುದು. ಇಲ್ಲದಿದ್ದರೆ ಹಿಮ ಹಿಂದೆ ಸರಿದಿದೆ. ಆಗ ಅರ್ಧ ಹೊಲ ಬೀಳು ಬಿಡಬೇಕು. ಊರೆಲ್ಲ ಸೇರಿ ನೆರಳಿನ ಕಣಿವೆಯಲ್ಲಿ ಕಟ್ಟೆ ಕಟ್ಟಿ, ಚಳಿಗಾಲದ ನೀರನ್ನು ಹೆಪ್ಪುಗಟ್ಟಿಸಿ ಮುಂದಿನ ಬೇಸಿಗೆಗೆ ಕೂಡಿಡಬೇಕು. ಹಿರಿಯರ ಕಟ್ಟಳೆ.

ಒಂದು ವರ್ಷ ಯಜಮಾನ ನೀರು ಬಿಡುವ ಹಿಂದಿನ ದಿನವೇ ಹೋಗಿ ಕಲ್ಲು ಮಗುಚಿದ. ಕಪ್ಪು ಹುಳು ಇಲ್ಲ. ಬದಲಿಗೆ ಏನೇನೋ ಇದ್ದವು. ಮರಳಿನ ಗೂಡು ಕಟ್ಟಿಕೊಂಡದ್ದು, ಬಾಲ ಮೂರಾಗಿ ಸೀಳಿದ್ದು, ಚಪ್ಪಟೆಯದು. ಚಳಿ ಕಡಿಮೆಯಾದದ್ದೇ ಕೆಳಗಿನ ನೀರಿನ ಜೀವಗಳೆಲ್ಲ ಮೇಲೆ ಹತ್ತಿ ಬಂದಿದ್ದವು. ನೀರೂ ಹಿಂದೆಂದೂ ಇಲ್ಲದಷ್ಟು. ಕರಗುವ ಹಿಮ ಮೊದಮೊದಲು ಕೈ ತುಂಬ ಕೊಡುತ್ತದೆ. ಹೊಲ ಮಾರಿ ಉಣ್ಣುವ ಮನೆಯಲ್ಲೂ ಮೊದಲ ವರ್ಷ ಹಬ್ಬದೂಟವೇ ಅಲ್ಲವೇ?

ಅವನು ಹೊಸದಾಗಿ ಸೇಬಿನ ತೋಟ ಹಾಕಿದ್ದ. ಅರ್ಧ ಬೀಳು ಅಂದರೆ ಆ ಸಸಿಗಳ ಕಥೆ ಮುಗಿದಂತೆ. ಏನು ಮಾಡಿದ? ಹಳ್ಳದ ಗುಂಟ ಮೇಲೆ ಹತ್ತಿದ. ಹಿಮದ ಬುಡದಲ್ಲಿ ಹುಳು ಇದ್ದ ಕಲ್ಲು ಸಿಕ್ಕಿತು. ಬಕೆಟ್ಟಿನಲ್ಲಿ ಹಿಮದ ನೀರು ತುಂಬಿ, ಕಲ್ಲನ್ನು ಅದರಲ್ಲಿಟ್ಟು ತಂದ. ಬೆಳಗ್ಗೆ ಊರು ಸೇರುವ ಮುಂಚೆ ಕಾಲುವೆಯ ಬಾಯಲ್ಲಿ ಮುಳುಗಿಸಿದ. ಆಮೇಲೆ ಎಲ್ಲರೆದುರು ಎತ್ತಿ ತೋರಿಸಿದ. ಊರು ನಕ್ಕಿತು, ಬಿತ್ತಿತು.

ಮರುವರ್ಷ ಇನ್ನೂ ಮೇಲೆ ಹತ್ತಬೇಕಾಯಿತು. ಅದರ ಮರುವರ್ಷ ಇನ್ನೂ ಮೇಲೆ. ಮಂಡಿ ಹಿಡಿದುಕೊಂಡು ಬಂದವನನ್ನು ಹೆಂಡತಿ ಕೇಳಿದಳು.

“ಹೋದ ಸಲ ಊಟದ ಹೊತ್ತಿಗೆ ಬಂದಿದ್ರಿ. ಈ ಸಲ ದೀಪ ಹಚ್ಚೋ ಹೊತ್ತಾಯ್ತು. ಹುಳಕ್ಕೆ ಕಾಲು ಬಂತಾ?”

“ಸಿಕ್ತಲ್ಲ, ಬಿಡು.”

“ಸಿಕ್ತು, ಸರಿ. ನಮ್ಮ ಹೊಲ ಅಲ್ಲಿದೆಯಾ?”

“ನಿಂಗೂ ಸೇಬು ಬೇಕು ತಾನೇ? ಸುಮ್ನೆ ಮಂಡಿಗೆ ಎಣ್ಣೆ ಹಚ್ಚು.”

ಅವಳು ಎಣ್ಣೆ ಹಚ್ಚಿದಳು. ಅವಳೂ ಸುಮ್ಮನಾದಳು, ನೋಡಿ.

ಕೊನೆಗೊಂದು ವರ್ಷ ಹತ್ತಿದ, ಹತ್ತಿದ, ಹತ್ತಿದ. ಹಿಮ ಸಿಗಲಿಲ್ಲ. ಬರೀ ಬೂದು ಬಂಡೆ, ಸಂದಿಯಲ್ಲಿ ಜಿನುಗುವ ನೀರು. ಯಾವ ಕಲ್ಲು ಮಗುಚಿದರೂ ಅಡಿ ಬೋಳು. ಆ ಹುಳಕ್ಕೆ ಹತ್ತಿ ಹೋಗಲು ಇನ್ನು ಮೇಲೆ ಬೆಟ್ಟವೇ ಉಳಿದಿರಲಿಲ್ಲ.

ಮಾರನೆಯ ದಿನ ಬೋಳು ಕಲ್ಲನ್ನೇ ದೂರದಿಂದ ಎತ್ತಿ ತೋರಿಸಿದ. ಒಬ್ಬರಾದರೂ ಹತ್ತಿರ ಬಂದು ನೋಡಿದರೇ? ಇಷ್ಟು ವರ್ಷ ಇತ್ತಲ್ಲ, ಇದ್ದೇ ಇರುತ್ತದೆ ಅಂದುಕೊಂಡು ಎಲ್ಲ ಹೊಲ ಬಿತ್ತಿದರು. ತೆನೆ ಹಾಲುಗಟ್ಟುವ ಹೊತ್ತಿಗೆ ಕಾಲುವೆ ನಿಂತಿತು. ಕಟ್ಟೆ ಕಟ್ಟಿರಲಿಲ್ಲ, ಕೂಡಿಟ್ಟ ಹಿಮ ಇರಲಿಲ್ಲ. ಮೊದಲು ತೆನೆ ಸುಟ್ಟುಹೋಯಿತು, ಆಮೇಲೆ ಸೇಬು. ಆಮೇಲೆ ಊರು ಗಂಟು ಕಟ್ಟಿತು.

ಕತ್ತೆಯ ಮೇಲೆ ಪಾತ್ರೆ ಹೇರುತ್ತಿದ್ದ ನೆರೆಮನೆಯ ಮುದುಕ ಕೇಳಿದ: “ಯಜಮಾನ್ರೇ, ಪ್ರತಿ ವರ್ಷ ಹುಳ ತೋರಿಸ್ತಿದ್ರಲ್ಲ, ಅದು ಸುಳ್ಳಾ?”

“ಹುಳ ನಿಜಾನೇ ಅಣ್ಣ. ಕಲ್ಲು ಇಲ್ಲೀದಲ್ಲ.”

ಮುದುಕ ಹಗ್ಗ ಬಿಗಿದ. ಕತ್ತೆಯನ್ನು ಮುಂದಕ್ಕೆ ಹೊಡೆದ.

ಈಗ ನೀವೆಲ್ಲ ಮನಸ್ಸಿನಲ್ಲೇ ಅವನನ್ನು ಬೈಯುತ್ತಿದ್ದೀರಿ. ಬೈಯಿರಿ. ಆದರೆ ರಕ್ತ ಪರೀಕ್ಷೆಗೆ ಮುಂಚೆ ವಾರವೆಲ್ಲ ಸಿಹಿ ಬಿಟ್ಟು, ರಿಪೋರ್ಟ್ ಬಂದ ಸಂಜೆ ಜಿಲೇಬಿ ತಿನ್ನುವವರು ಯಾರು? ಬೀಗರು ಬಂದ ದಿನ ಮಾತ್ರ ಸೊಸೆಯನ್ನು ಮಗಳೇ ಅನ್ನುವವರು ಯಾರು? ಬೋರ್‌ವೆಲ್ ಉಕ್ಕುತ್ತಿದೆ ಅಂತ ಕೆರೆಯ ಕಡೆ ತಿರುಗಿಯೂ ನೋಡದವರು ಯಾರು? ಎಲ್ಲ ಮೇಲಿಂದ ತಂದ ಕಲ್ಲು. ದೂರದಲ್ಲಿ ನಿಂತು ತಲೆಯಾಡಿಸಿದ ಊರಿನವರೂ ನಾವೇ.

ನಾಳೆ ಬೆಳಗ್ಗೆ ಕೆರೆಯ ದಡಕ್ಕೆ ಹೋಗಿ. ನೀರು ಎಷ್ಟಿದೆ ಅಂತ ನೋಡಬೇಡಿ. ನೀರಿನಲ್ಲಿ ಯಾವ ಜೀವ ಇದೆ, ಯಾವುದು ಬಿಟ್ಟು ಹೋಯಿತು ಅಂತ ನೋಡಿ. ಮನೆಗೆ ಬಂದು ಅಲ್ಲೂ ಹಾಗೇ ನೋಡಿ. ಇದ್ದದ್ದು ಈಗ ಇಲ್ಲ ಅಂತ ಕಂಡರೆ ಹೆಂಡತಿ ಮಕ್ಕಳ ಎದುರಿಗೆ ಇಲ್ಲ ಅನ್ನಿ. ಕಾಲುವೆ ತುಂಬಿ ಹರಿಯುವಾಗಲೇ ಅರ್ಧ ಬೀಳು ಬಿಡಿ. ಇನ್ನೊಬ್ಬರು ಕಲ್ಲು ಎತ್ತಿ ತೋರಿಸಿದರೆ ಕೂತಲ್ಲೇ ನಂಬಬೇಡಿ. ಎದ್ದು ಹೋಗಿ ಆ ನೀರಿಗೆ ಕೈ ಅದ್ದಿ. ಕೈ ಮರಗಟ್ಟಿದರೆ ಮಾತ್ರ ಬಿತ್ತಿ.