ಬೆಂಚಿನ ಮೇಲೆ ನಿಂತ ಪ್ರಶ್ನೆ

ಅಧ್ಯಕ್ಷ ಪೀಠದಲ್ಲಿರುವ ವೆಂಕಟಪ್ಪನವರೇ, ವೇದಿಕೆಯ ಹಿರಿಯರೇ, ಅಡುಗೆಯ ವಾಸನೆ ಬಂದರೂ ಎದ್ದು ಹೋಗದ ಸಭಿಕರೇ,

ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ಇಂದು ನಿವೃತ್ತನಾಗುತ್ತಿರುವ ನನ್ನನ್ನು ಈಗತಾನೆ ‘ಜ್ಞಾನಜ್ಯೋತಿ’ ಎಂದಿರಿ. ಶಹಾಪುರದ ಮೇ ತಿಂಗಳಲ್ಲಿ ಉಣ್ಣೆಯ ಶಾಲು ಹೊದಿಸಿದಿರಿ. ನಿಮ್ಮ ವಿಜ್ಞಾನ ಅಷ್ಟಕ್ಕಷ್ಟೇ. ಕಲಿಸಿದವನು ನಾನೇ ಅಲ್ಲವೇ?

ನಮ್ಮ ಪ್ರಯೋಗಾಲಯವೆಂದರೆ ಒಂದು ಕಪಾಟು, ಒಂದು ಬೀಗ, ಒಳಗೊಂದು ಆಯಸ್ಕಾಂತ. ಮಕ್ಕಳು ಮುಟ್ಟಿದರೆ ಶಕ್ತಿ ಇಳಿಯುತ್ತದೆಂದು ಅದನ್ನು ಆಯುಧಪೂಜೆಗೆ ಮಾತ್ರ ಹೊರಗೆ ತೆಗೆಯುತ್ತಿದ್ದೆವು. ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಒಳಗಿಡುತ್ತಿದ್ದೆವು. ತಪಾಸಣೆಗೆ ಬಂದ ಸಾಹೇಬರೊಬ್ಬರು ಅದಕ್ಕೆ ಕೈಮುಗಿದು ‘ಉತ್ತಮ’ ಎಂದು ಬರೆದು ಹೋದರು. ಇಂಥ ಪಂಡಿತರ ನಡುವೆ ನಾನು ಬಾಳಿದೆ.

ಕಾಲುವೆಗೆ ಮೊದಲ ನೀರು ಬಿಟ್ಟ ವರ್ಷ. ವನದುರ್ಗದಿಂದ ಬರುತ್ತಿದ್ದ ಮೋನಮ್ಮ ಎಂಬ ಹುಡುಗಿ ಒಂಬತ್ತನೆಯ ತರಗತಿಯಲ್ಲಿ ಎದ್ದು ನಿಂತಳು. ‘ಸರ, ಆಯಸ್ಕಾಂತ ಕಬ್ಬಿಣ ಜಗ್ತದ. ಬೆಳಕಿಗೂ ಏನರ ಮಾಡ್ತದೇನ್ರಿ?’

ತರಗತಿ ನಕ್ಕಿತು. ಮೊದಲು ನಕ್ಕವರು ಯಾರು? ಇರಲಿ. ‘ನಿಮ್ಮವ್ವನ ಲಾಟೀನಿಗಿ ಕಟ್ಟಿ ನೋಡು’ ಎಂದು ಹೇಳಿ ಹುಡುಗಿಯನ್ನು ಬೆಂಚು ಹತ್ತಿಸಲಾಯಿತು. ಶಿಸ್ತು ಬೇಕಲ್ಲ?

ಆ ವಾರವೇ ಸುರಪುರದ ಗ್ರಂಥಾಲಯದಲ್ಲಿ ಹಳೆಯ ಪುಸ್ತಕವೊಂದು ಸಿಕ್ಕಿತು. ಲಂಡನ್ನಿನ ಫ್ಯಾರಡೆ, ಕಮ್ಮಾರನ ಮಗ, ಇದೇ ಪ್ರಶ್ನೆ ಹಿಡಿದು ಹಲವು ಸಲ ಸೋತಿದ್ದ. ಕೊನೆಗೆ ೧೮೪೫ರಲ್ಲಿ, ಆಯಸ್ಕಾಂತದ ಬಳಿ ಸೀಸ ಬೆರೆಸಿದ ದಪ್ಪ ಗಾಜನ್ನಿಟ್ಟು, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಅದರೊಳಗೆ ಹಾಯಿಸಿದ. ಆ ಕಂಪನದ ದಿಕ್ಕು ತುಸು ತಿರುಗಿತು. ಬೆಳಕಿಗೂ ಆಯಸ್ಕಾಂತಕ್ಕೂ ನಂಟಿದೆಯೆಂದು ಲೋಕಕ್ಕೆ ತಿಳಿಯಿತು. ಅವನ ಪುಣ್ಯ, ನನ್ನ ಕೈಕೆಳಗೆ ಓದಲಿಲ್ಲ.

ಪುಸ್ತಕ ಮುಚ್ಚಿಟ್ಟು ಬಂದೆ. ಹುಡುಗಿಗೆ ಹೇಳಿದೆನೇ? ಮಾಸ್ತರನೇ ತಪ್ಪೊಪ್ಪಿಕೊಂಡರೆ ಮರ್ಯಾದೆ ಉಳಿಯುತ್ತದೆಯೇ? ಅವಳು ಮತ್ತೆ ಏನನ್ನೂ ಕೇಳಲಿಲ್ಲ. ಹತ್ತನೆಯ ತರಗತಿಗೆ ಬರಲೂ ಇಲ್ಲ.

ಮೊನ್ನೆ ವನದುರ್ಗಕ್ಕೆ ಹೋದೆ. ಮೋನಮ್ಮ ಹೊಲದಲ್ಲಿ ಸಲಿಕೆ ಹಿಡಿದು ನಿಂತಿದ್ದಳು. ಹದಿನಾರು ವರ್ಷ ತಡವಾಗಿ ಹೇಳಿದೆ: ‘ಅವತ್ತು ನೀ ಕೇಳಿದ್ದು ಖರೇ ಇತ್ತವ್ವ. ಆಯಸ್ಕಾಂತಕ್ಕ ಬೆಳಕು ತಿರುಗ್ತದ.’

‘ಯಾವ ಬೆಳಕ್ರಿ?’ ಎಂದಳು.

ವಿವರಿಸಿದೆ. ಗಾಜು, ಕಂಪನ, ಎಲ್ಲವನ್ನೂ. ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. ನಾನು ಅವಳ ಮಾತನ್ನು ಹಾಗೆ ಕೇಳಿರಲಿಲ್ಲ.

‘ಆತ್ರಿ ಸರ. ಕಾಲುವಿ ನೀರಿನ ಪಾಳಿ ನಂದು ಬಂದದ, ತಪ್ಪಿದ್ರ ಮತ್ತ ಎಂಟು ದಿನ ಇಲ್ಲ. ಒಂದೀಟು ಸರೀರಿ, ನೀರು ಹಾಯೋ ದಾರ್ಯಾಗ ನಿಂತೀರಿ.’

ಸರಿದು ನಿಂತೆ. ಇಲ್ಲಿಂದಲೂ ಸರಿಯುತ್ತಿದ್ದೇನೆ. ಕರೆದವರಿಗೂ ಕೇಳಿದವರಿಗೂ ಋಣಿ. ನಮಸ್ಕಾರ.