ಹೆಣ ತೋರಿಸದೆ ಸಾಯಿಸಿದ ಖಳನಾಯಕ

ಒಂದು ಊರು, ಆ ಊರಿನಲ್ಲೊಬ್ಬ ಸಿರಿವಂತ. ಸಿರಿವಂತ ಎಂದ ಕೂಡಲೇ ಸ್ವಾಮಿಗಳು ಇವತ್ತಿನ ಪ್ರವಚನದಲ್ಲಿ ದುಡ್ಡಿನ ಕಥೆ ತೆಗೆದರು ಅಂದುಕೊಳ್ಳಬೇಡಿ. ಇದು ಟೀವಿಯ ಕಥೆ. ಯಾಕೆ ನಗುತ್ತೀರಿ? ನಾವೂ ನೋಡುತ್ತೇವೆ.

ಅವನ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂದು ಧಾರಾವಾಹಿ ನೋಡುತ್ತಿದ್ದರು. ಹದಿನೆಂಟು ವರ್ಷದಿಂದ ನಡೆದಿರುವ ಧಾರಾವಾಹಿ. ಆಕಾಶನೌಕೆ, ಬೇರೆ ಬೇರೆ ಗ್ರಹಗಳು, ನೌಕೆಗೊಬ್ಬ ನಾಯಕ, ಆ ನಾಯಕನಿಗೊಬ್ಬ ವೈರಿ. ವೈರಿಯ ಹೆಸರು ಶೂನ್ಯಾಧಿಪತಿ. ಅವನು ಎಷ್ಟು ಸಲ ಸತ್ತಿದ್ದಾನೆ ಗೊತ್ತೇ? ಮೂರು ಸಲ. ಒಮ್ಮೆ ನೌಕೆ ಸಮೇತ ಸಿಡಿದ, ಒಮ್ಮೆ ಮಂಜಿನಲ್ಲಿ ಹೆಪ್ಪುಗಟ್ಟಿದ, ಹೋದ ವರ್ಷವಂತೂ ಸೂರ್ಯನೊಳಗೇ ಬಿದ್ದ.

ಸಿರಿವಂತನಿಗೊಬ್ಬ ಅಕ್ಕ. ತಾಯಿಯ ಕೊನೆಗಾಲಕ್ಕೆ ತಮ್ಮ ಬರಲಿಲ್ಲವೆಂಬ ಸಂಕಟದಲ್ಲಿ ಅವಳು ಅವನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದಳು, ನಿನ್ನಂಥ ತಮ್ಮ ಹುಟ್ಟದೇ ಇದ್ದರೆ ಚೆನ್ನಾಗಿತ್ತು ಎಂದು. ಮಾತು ನಿಂತಿತು. ಹಿರಿಯರು ಮೂರು ಸಲ ರಾಜಿ ಮಾಡಿಸಿದರು. ಮೂರು ಸಲವೂ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ಆದರೆ ನೋಡಿ, ಆಮೇಲೆ ಅಕ್ಕ ಹಬ್ಬಕ್ಕೆ ಕರೆಯುವುದು ಒಂದು ದಿನ ತಡವಾದರೆ ಸಾಕು, ಇವನು ಫೋನ್ ತೆಗೆದು ಆ ಮೆಸೇಜ್ ಕೇಳುವನು. ಕೇಳಿದರೆ ಸಿಟ್ಟು ನೆತ್ತಿಗೇರುವುದು. ಜಗಳ ಮತ್ತೆ ಮೊದಲಿನಿಂದ ಶುರು.

ಒಂದು ಭಾನುವಾರ ಅಕ್ಕ ತಾನಾಗಿ ಬಂದಳು. ನಾಲ್ಕು ದಿನ ಬಿಟ್ಟರೆ ಅವಳಿಗೆ ಎದೆಯ ಆಪರೇಷನ್. ಅದಕ್ಕೆ ಮೊದಲು ತಮ್ಮನ ಮನೆಯಲ್ಲಿ ಒಂದು ತುತ್ತು ಉಣ್ಣುವ ಆಸೆ. ಈ ನಂಟು ಈ ಸಲವಾದರೂ ಉಳಿಯುತ್ತದೋ ಇಲ್ಲವೋ ಎಂದು ಸಿರಿವಂತನ ಹೆಂಡತಿಗೆ ಜೀವದಲ್ಲಿ ಜೀವವಿರಲಿಲ್ಲ.

ಟೀವಿ ಹಚ್ಚಿದರು. ಬಂದನಲ್ಲ ಶೂನ್ಯಾಧಿಪತಿ! ಅದೇ ಕಪ್ಪು ನಿಲುವಂಗಿ, ಅದೇ ಕೊಂಕುನಗೆ. ಸೂರ್ಯನೊಳಗೆ ಬಿದ್ದವನು ಹೇಗೆ ಬದುಕಿದ ಎಂದು ಅಕ್ಕ ಕೇಳಿದಳು. ಹೆಂಡತಿ ಅವರೆಕಾಯಿ ಸುಲಿಯುತ್ತಲೇ ಹೇಳಿದಳು:

"ಅವತ್ತ ಹೆಣಾ ತೋರಿಸಿದ್ರೇನ್ರಿ ಅಕ್ಕಾರ? ಮುಂದ ಬೇಕಾಗೋ ಮನಷ್ಯಾನ ಹೆಣಾ ಟೀವಿಯವ್ರು ಎಂದೂ ತೋರ್ಸಂಗಿಲ್ಲ."

ಸಿರಿವಂತನಿಗೆ ಚುರುಕ್ಕೆಂದಿತು. ಮೂರು ಸಲ ರಾಜಿಯಾದನಲ್ಲ, ಸಿಟ್ಟನ್ನು ಕೊಂದನೇ? ಕೊಂದ ಹಾಗೆ ಮಾಡಿ ಕಿಸೆಯಲ್ಲಿ ಬದುಕಿಸಿ ಇಟ್ಟುಕೊಂಡಿದ್ದ! ಫೋನ್ ತೆಗೆದು ಅಕ್ಕನ ಕೈಗಿತ್ತ.

"ಅಕ್ಕಾ, ನೀ ಬೈದಿದ್ದು ಇನ್ನೂ ಇದರಾಗ ಐತಿ. ಅಳಿಸಿಲ್ಲ. ತಪ್ಪಾತು. ನಿನ್ನ ಕೈಯಾರೆ ಅಳಿಸಿಬಿಡು."

ಅಕ್ಕ ಅಳಿಸುವ ಗುಂಡಿ ಒತ್ತಿದಳು. ಅಷ್ಟಕ್ಕೇ ಮುಗಿಯಲಿಲ್ಲ. ಈ ಮಹಾಶಯ ಭಾವಮೈದುನನ ಫೋನಿನಲ್ಲೂ ಒಂದು ಪ್ರತಿ ಇಡಿಸಿದ್ದನಂತೆ! ಆಗಲೇ ಫೋನ್ ಮಾಡಿ ಅದನ್ನೂ ಅಳಿಸಿಹಾಕಿಸಿದ. ಅಕ್ಕ ಅತ್ತಳು, ನಕ್ಕಳು, ಹೊಟ್ಟೆ ತುಂಬ ಉಂಡಳು.

ಆಪರೇಷನ್ ಆಯಿತು. ಅಕ್ಕ ಗೆದ್ದು ಬಂದಳು. ಪಂಚಮಿಗೆ ಬಂದವಳು ಎಲ್ಲರೆದುರಿಗೇ ತಮ್ಮನನ್ನು ಚೆನ್ನಾಗಿ ಬೈದಳು, ಕರೆಯಲು ಗಾಡಿ ಯಾಕೆ ಕಳಿಸಲಿಲ್ಲ ಎಂದು. ಅವನಿಗೂ ಸಿಟ್ಟು ಬಂತು. ಆದರೆ ಎತ್ತಿ ಆಡಲು ಹಳೆಯದು ಏನೂ ಇರಲಿಲ್ಲ. ಐದು ನಿಮಿಷಕ್ಕೆ ಇಳಿಯಿತು, ಇಬ್ಬರೂ ಹಬ್ಬದ ಸಿಹಿ ಉಂಡಿ ತಿಂದರು. ಇದಕ್ಕಿಂತ ದೊಡ್ಡ ಗೆಲುವು ಯಾವ ಗ್ರಹದಲ್ಲಿದೆ ಹೇಳಿ?

ಈಗ ನಿಮ್ಮ ಮಾತಿಗೆ ಬರೋಣ. ಕ್ಷಮಿಸಿದೆ, ಕ್ಷಮಿಸಿದೆ ಎನ್ನುತ್ತೀರಿ. ಸೊಸೆ ಬರೆದ ಚೀಟಿ ಯಾರ ಪೆಟ್ಟಿಗೆಯಲ್ಲಿದೆ? ತಮ್ಮನ ಮೆಸೇಜಿನ ಫೋಟೋ ಯಾರ ಫೋನಿನಲ್ಲಿದೆ? ರಾಜಿಯಾದ ದಿನವೇ ಸಾಕ್ಷಿಯನ್ನೂ ಅಳಿಸಿ. ಪ್ರವಚನದಲ್ಲಿ ಫೋನ್ ಮುಟ್ಟಬೇಡಿ ಎಂದು ದಿನಾ ಗದರುತ್ತೇವೆ. ಇವತ್ತು ನಾವೇ ಹೇಳುತ್ತೇವೆ, ತೆಗೆಯಿರಿ. ಅಳಿಸಿ. ಆಮೇಲೆ ಅವರಿಗೆ ಫೋನ್ ಹಚ್ಚಿ, ಊಟ ಆಯಿತೇ ಎಂದು ಕೇಳಿ. ನಾವು ಕಾಯುತ್ತೇವೆ.